ಸುನಂದಕ್ಕ ಹಾಕಿದ ಗಂಟು

ಕ್ಯಾಲನೂರಿನ ಸುತ್ತಮುತ್ತ ಸುನಂದಳ ಬಾಯಿಗೆ ಹೆದರದವರು ಯಾರಾದರೂ ಇದ್ದರೋ ಏನೋ, ಅವಳ ಬೆರಳಿಗೆ ಸೋಲದವರು ಮಾತ್ರ ಇರಲಿಲ್ಲ. ಹದಿನೆಂಟು ವರ್ಷ ಅವಳು ಕೋಲಾರದ ಒಂದು ಕಾರ್ಖಾನೆಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಯಂತ್ರಗಳ ಮುಂದೆ ನಿಂತವಳು. ನೂರಾರು ಕದಿರುಗಳು ಗಿರಗಿರನೆ ತಿರುಗುತ್ತಿರುವಾಗ ಎಲ್ಲೋ ಒಂದು ಕಡೆ ಎಳೆ ಟಿಕ್ಕೆಂದು ತುಂಡಾಗುತ್ತದೆ. ತಕ್ಷಣ ಆ ಕದಿರನ್ನು ಒಂದು ಕೈಯಲ್ಲಿ ತಡೆದು, ಎರಡು ತುದಿಗಳನ್ನು ಹೆಬ್ಬೆರಳಿನ ಉಗುರಿನ ಮೇಲೆ ಜೋಡಿಸಿ, ಸುತ್ತಿ, ಎಳೆದು, ಮಿಕ್ಕ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಉಗಿದು ಕದಿರನ್ನು ಬಿಡಬೇಕು. ಇಷ್ಟನ್ನೂ ಸುನಂದ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದಳು. ಇವಳು ಹಾಕಿದ ಗಂಟನ್ನು ಹುಡುಕಿ ತೋರಿಸಿದವರಿಗೆ ಸೀರೆ ಕೊಡಿಸುತ್ತೇನೆ ಎಂದು ಮೇಸ್ತ್ರಿ ಪೆದ್ದಪ್ಪ ಹೊಸಬರ ಮುಂದೆ ಪಂಥ ಕಟ್ಟುತ್ತಿದ್ದ. ಅವನು ರಿಟೈರ್ ಆಗುವವರೆಗೂ ಒಂದು ಸೀರೆಯನ್ನೂ ಕೊಡಿಸಬೇಕಾಗಿ ಬರಲಿಲ್ಲ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ಮನೆಯಲ್ಲೇ ಹುಳ ಮೇಯಿಸಲು ಕೂತಳು. ಒಂದು ಎಕರೆ ಹಿಪ್ಪುನೇರಳೆ ತೋಟ, ಎರಡು ಸೀಮೆಹಸು, ಒಬ್ಬ ತಮ್ಮ. ಗಂಡನ ಮನೆ ಶ್ರೀನಿವಾಸಪುರದ ಕಡೆ ಇತ್ತು. ಅಲ್ಲಿ ಒಗ್ಗದೆ ಎರಡೇ ಎರಡು ಮಾವಿನ ಸುಗ್ಗಿ ನೋಡಿಕೊಂಡು ತವರಿಗೆ ಬಂದಾಗ ತಮ್ಮ ಶಿವಶಂಕರನಿಗೆ ನಾಲ್ಕು ವರ್ಷ, ತಾಯಿ ಹೋಗಿ ತಿಂಗಳಾಗಿತ್ತು. ಅಂದಿನಿಂದ ಅವನಿಗೆ ಇವಳೇ ತಾಯಿ, ಇವಳೇ ಪೊಲೀಸು, ಅಪ್ಪ ತೀರಿಕೊಂಡ ಮೇಲೆ ಇವಳೇ ಅಪ್ಪ. ಈಗ ಅವನಿಗೆ ಇಪ್ಪತ್ತೊಂಬತ್ತು. ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಕೆಲಸ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಅಕ್ಕನ ಮಾತಿಗೆ ಎದುರಾಡುವುದಿಲ್ಲ. ಇಷ್ಟು ಒಳ್ಳೆಯ ಹುಡುಗನಿಗೆ ದೇವರು ಒಂದು ಹುಚ್ಚು ಹಿಡಿಸದೆ ಬಿಡುತ್ತಾನೆಯೇ? ಗಾಳಿಪಟದ ಹುಚ್ಚು ಹಿಡಿಸಿದ.

ಗಾಳಿಪಟ ಎಂದರೆ ಬಿದಿರುಕಡ್ಡಿ, ಬಣ್ಣದ ಕಾಗದ, ಬಾಲಂಗೋಚಿ ಎಂದುಕೊಳ್ಳಬೇಡಿ. ಬಿಚ್ಚಿ ಹರವಿದರೆ ನಡುಮನೆಯಲ್ಲಿ ಹಿಡಿಸದಷ್ಟು ದೊಡ್ಡದು. ಛತ್ರಿ ಬಟ್ಟೆಯಂಥ ಗಟ್ಟಿ ಬಟ್ಟೆಯಲ್ಲಿ ಹೊಲಿದದ್ದು. ಅದಕ್ಕೆ ನಾಲ್ಕು ದಾರ, ಒಂದೊಂದೂ ಇಪ್ಪತ್ತೈದು ಗಜ. ನಾಲ್ಕೂ ಬಂದು ಸೇರುವುದು ಕೈಯಲ್ಲಿ ಹಿಡಿಯುವ ಒಂದು ಕೋಲಿಗೆ. ಆ ಕೋಲನ್ನು ಸೊಂಟದ ಪಟ್ಟಿಯ ಕೊಕ್ಕೆಗೆ ಸಿಕ್ಕಿಸಿಕೊಂಡು, ಗಾಳಿ ತುಂಬಿದ ನಾಲ್ಕು ಚಕ್ರಗಳಿರುವ ಹಲಗೆಯ ಮೇಲೆ ನಿಂತರೆ ಮುಗಿಯಿತು. ಪಟ ಎತ್ತ ಎಳೆದರೆ ಅತ್ತ ಸವಾರಿ. ಮುಳಬಾಗಿಲಿನ ಅರುಣ್‌ಕುಮಾರ್ ಎಂಬ ಮದುವೆ ವಿಡಿಯೊ ತೆಗೆಯುವವನು ಇದನ್ನು ರಾಮೇಶ್ವರದ ಕಡೆ ಕಡಲ ದಂಡೆಯಲ್ಲಿ ಕಲಿತು ಬಂದಿದ್ದ. ಮುರಿದ ಹಲಗೆಗೆ ವೆಲ್ಡಿಂಗ್ ಮಾಡಿಸಲು ಶಿವುವಿನ ಹತ್ತಿರ ಬಂದವನು ಹಲಗೆ ತೆಗೆದುಕೊಂಡು ಹೋದ, ಹುಚ್ಚನ್ನು ಬಿಟ್ಟು ಹೋದ. ನಮ್ಮ ಕಡೆ ಕಡಲಿಲ್ಲದಿದ್ದರೆ ಏನಂತೆ, ಕೆರೆ ಅಂಗಳಗಳಿವೆಯಲ್ಲ. ಸುತ್ತಲ ಕೆರೆಗಳಿಗೆಲ್ಲ ಪೈಪಿನಲ್ಲಿ ನೀರು ಬಂದು ತುಂಬಿದ್ದರೂ ಈ ಊರಿನ ಕೆರೆಗೆ ಇನ್ನೂ ಬಂದಿರಲಿಲ್ಲ. ಒಣಗಿ ಗಟ್ಟಿಯಾದ ಮಣ್ಣು ಕಣ ಮಾಡಿದ ಹಾಗೆ ಮಟ್ಟವಾಗಿ ಬಿದ್ದಿತ್ತು. ಅಲ್ಲಿ ಶಿವು ಭಾನುವಾರ ಭಾನುವಾರ ಹಾರುತ್ತಿದ್ದ, ಬೀಳುತ್ತಿದ್ದ, ಮೈಯೆಲ್ಲ ಧೂಳಾಗಿ ನಗುತ್ತಾ ಮನೆಗೆ ಬರುತ್ತಿದ್ದ.

ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎನ್ನುವ ಗಾದೆ ಮಾಡಿದವರು ಶಿವುವನ್ನು ನೋಡಿಯೇ ಮಾಡಿರಬೇಕು. ಆಷಾಢ ಹುಟ್ಟುವ ಮುಂಚೆ ಮಾತು ಮುಗಿಸೋಣ ಎಂದು ಶಿವಾರಪಟ್ಟಣದಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಕಾರು ಮಾಡಿಕೊಂಡು ಬಂದರು. ತಲೆತಲಾಂತರದಿಂದ ವಿಗ್ರಹ ಕೆತ್ತುವ ಮನೆತನ, ತೂಕದ ಜನ. ಕೆರೆ ಏರಿಯ ಮೇಲೆ ಬರುವಾಗ ಅಂಗಳದಲ್ಲಿ ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ ಆಳೆತ್ತರ ಹಾರಿ, ಬೆನ್ನಿನ ಮೇಲೆ ಬಿದ್ದು, ನೆಲದ ಮೇಲೆ ದರದರನೆ ಎಳೆಸಿಕೊಂಡು ಹೋದದ್ದು ಕಂಡಿತು. "ಯಾರಪ್ಪಾ ಅದು, ಪಾಪ?" ಎಂದು ಹುಡುಗಿಯ ಸೋದರಮಾವ ಕೇಳಿದರೆ, ದಾರಿ ತೋರಿಸಲು ಹತ್ತಿಸಿಕೊಂಡಿದ್ದ ಊರಿನವನು, "ಅವರೇ ಸಾರ್ ಗಂಡು" ಅಂದನಂತೆ. ಮನೆಗೆ ಬಂದವರು ಅರ್ಧ ಲೋಟ ಕಾಫಿ ಬಿಟ್ಟು ಎದ್ದರು. "ನಾವು ಕಲ್ಲಿನ ಕೆಲಸದೋರಮ್ಮ. ಇಟ್ಟ ಕಡೆ ಇರೋ ವಸ್ತು ನಮಗಿಷ್ಟ" ಎಂದು ಹಿರಿಯರೊಬ್ಬರು ನಯವಾಗಿಯೇ ಹೇಳಿ ಕಾರು ಹತ್ತಿದರು.

ಸುನಂದಳಿಗೆ ತಲೆ ಕೆಟ್ಟಿತು. ಧೂಳು ಕೊಡವಿಕೊಳ್ಳುತ್ತಾ ಬಂದ ತಮ್ಮನನ್ನು ಬೀದಿಯಲ್ಲೇ ನಿಲ್ಲಿಸಿಕೊಂಡಳು.

"ಲೇ ಶಿವು, ಕೇಳಿಸ್ಕೊ. ಈ ದರಿದ್ರ ಪಟಾನ ಒಂದಿನ ಮಚ್ಚು ತಗೊಂಡು ತುಂಡುತುಂಡು ಮಾಡಿ ನೀರೊಲೆಗೆ ಹಾಕ್ತೀನಿ. ಹಾಕ್ಲಿಲ್ಲ ಅಂದ್ರೆ ನನ್ನ ಹೆಸರು ಸುನಂದ ಅಲ್ಲ."

ಬೀದಿಯೆಲ್ಲ ಕೇಳಿಸಿಕೊಂಡಿತು. ಎದುರು ಮನೆಯ ಚಿಕ್ಕಗಂಗಮ್ಮ ಕೇಳಿಸಿಕೊಳ್ಳಲೆಂದೇ ಹೊರಗೆ ಬಂದಳು. ಯಾವತ್ತೂ ಅಕ್ಕನ ಬೈಗುಳಕ್ಕೆ ನಗುವ ಶಿವು ಅಂದು ನಗಲಿಲ್ಲ. ಮುಂದೆ ಹನ್ನೆರಡು ದಿನ ಅಕ್ಕ ತಮ್ಮನ ನಡುವೆ ಮಾತೆಂದರೆ ಹುಳದ್ದು, ಹಸುವಿನದ್ದು ಅಷ್ಟೇ. "ಸೊಪ್ಪು ಹಾಕಿದ್ಯಾ?" "ಹಾಕ್ದೆ." "ಡೇರಿಗೆ ಹಾಲು?" "ಕೊಟ್ಬಂದೆ." ಆ ಮೌನ ಸುನಂದಳಿಗೆ ಬೇಯಿಸಿದ್ದು ಬಾಯಿಗೆ ಹೋಗದ ಹಾಗೆ ಮಾಡಿತು. ಆದರೂ ಸೋತು ಮಾತಾಡಿಸುವ ಜಾತಿಯಲ್ಲ ಅವಳದು.

ಹದಿಮೂರನೆಯ ದಿನ, ಶುಕ್ರವಾರ, ಶಿವು ಕೆಲಸಕ್ಕೆ ಹೋಗಿದ್ದಾಗ ಅವಳು ಮರಿಹುಳುಗಳಿಗೆ ಸೊಪ್ಪು ಕತ್ತರಿಸಲು ಪಡಸಾಲೆಯಲ್ಲಿ ಕೂತಳು. ಮೂಲೆಯಲ್ಲಿ ಪಟದ ಚೀಲ ಒರಗಿತ್ತು. ತೋಟದಿಂದ ತಂದ ಸೊಪ್ಪಿನ ಹೊರೆಯನ್ನು ಅದರ ಪಕ್ಕದಲ್ಲೇ ಕೆಡವಿ, ಹಿಡಿ ಹಿಡಿ ತೆಗೆದು, ಮರದ ದಿಮ್ಮಿಯ ಮೇಲಿಟ್ಟು ಮಚ್ಚಿನಲ್ಲಿ ಕೊಚ್ಚುತ್ತಿದ್ದಳು. ಚೀಲದ ಬಾಯಿಂದ ಒಂದು ಸುತ್ತು ದಾರ ಹೊರಗೆ ಇಣುಕಿ ಸೊಪ್ಪಿನೊಳಗೆ ಸೇರಿಕೊಂಡಿದ್ದನ್ನು ಅವಳು ನೋಡಿರಲಿಲ್ಲ. ಕೊಚ್ಚಿದ ಎಲೆಯ ನಡುವೆ ಬೂದುಬಣ್ಣದ ಎರಡು ತುದಿಗಳು ಕಂಡವು. ಪಟದ ದಾರ ತುಂಡಾಗಿತ್ತು.

ನಡೆದದ್ದನ್ನು ನಡೆದ ಹಾಗೆ ಹೇಳಬಹುದಿತ್ತು. ಆದರೆ ನಂಬುವವರು ಯಾರು? ಕತ್ತರಿಸುತ್ತೇನೆ ಎಂದು ಬೀದಿಗೆಲ್ಲ ಸಾರಿದವಳೇ ಅವಳು. ಮಚ್ಚು ಎಂದು ಬಾಯಿಬಿಟ್ಟು ಹೇಳಿದ್ದಳು, ಈಗ ಮಚ್ಚು ಕೈಯಲ್ಲೇ ಇತ್ತು. ಶಿವು ಬಾಯಿ ಮಾತಿಗೆ "ಹೋಗ್ಲಿ ಬಿಡಕ್ಕ" ಎನ್ನುತ್ತಾನೆ, ಒಳಗೊಳಗೇ ಬೇಕೆಂದೇ ಮಾಡಿದಳು ಎಂದುಕೊಳ್ಳುತ್ತಾನೆ. ಆ ಮೌನ ಇನ್ನೂ ಹನ್ನೆರಡು ವರ್ಷ ಬೆಳೆಯುತ್ತದೆ. ಅದನ್ನು ತಾಳುವ ಶಕ್ತಿ ತನಗಿಲ್ಲ ಎನ್ನುವುದು ಸುನಂದಳಿಗೆ ಚೆನ್ನಾಗಿ ಗೊತ್ತಿತ್ತು. ಸೊಪ್ಪನ್ನು ಪಕ್ಕಕ್ಕೆ ಸರಿಸಿ, ಸೀರೆಗೆ ಕೈ ಒರೆಸಿಕೊಂಡು, ಬೆಳಕಿಗೆಂದು ಹೊಸ್ತಿಲ ಮೇಲೆ ಕೂತು ಎರಡು ತುದಿಗಳನ್ನು ಹೆಬ್ಬೆರಳಿನ ಉಗುರಿನ ಮೇಲೆ ಜೋಡಿಸಿದಳು.

ದಾರ ಶಾವಿಗೆಗಿಂತ ಸಣ್ಣ, ಮೇಣ ಹಚ್ಚಿದ ಹಾಗೆ ನುಣುಪು. ಮೊದಲ ಗಂಟು ಎಳೆದ ಕೂಡಲೇ ಜಾರಿಹೋಯಿತು. ಸುನಂದಳಿಗೆ ಅವಮಾನವಾಯಿತು. "ಎಲಾ ಇದರ" ಎಂದುಕೊಂಡು ಇನ್ನೆರಡು ಸುತ್ತು ಹೆಚ್ಚು ಹಾಕಿ, ಎಂಜಲು ಹಚ್ಚಿ ಬಿಗಿದಳು. ಈ ಸಲ ನಿಂತಿತು. ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮೈಭಾರ ಬಿಟ್ಟು ಎಳೆದಳು, ಜಗ್ಗಲಿಲ್ಲ. ತುದಿ ಕಚ್ಚಿ ಉಗಿದು, ಗಂಟಿನ ಮೇಲೆ ಬೆರಳಾಡಿಸಿ ನೋಡಿದಳು. ಅವಳ ಬೆರಳಿಗೇ ಸಿಗಲಿಲ್ಲವೆಂದರೆ ಇನ್ನು ಬೇರೆಯವರ ಪಾಡೇನು. ಕಟ್ಟುವಾಗ ದಾರ ನಾಲ್ಕು ಬೆರಳು ಗಿಡ್ಡವಾಯಿತು. ಒಂದೊಂದು ಗೂಡಿನಲ್ಲಿ ಸಾವಿರ ಗಜ ನೂಲು ಕಂಡವಳಿಗೆ ನಾಲ್ಕು ಬೆರಳು ಯಾವ ಲೆಕ್ಕ? ಸುತ್ತಿ ಚೀಲಕ್ಕೆ ಸೇರಿಸಿ, ಮತ್ತೆ ಸೊಪ್ಪು ಕೊಚ್ಚಲು ಕೂತಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಅವಳೇ ಮೊದಲು ಮಾತಾಡಿದಳು. ತಪ್ಪು ಮಾಡಿದವರ ನಾಲಿಗೆ ಮೃದುವಾಗುತ್ತದೆ.

"ಇನ್ನೊಂದು ಮುದ್ದೆ ಹಾಕ್ಲಾ?"

ಶಿವು ತಲೆಯೆತ್ತಿ ನೋಡಿದ. ಹನ್ನೆರಡು ದಿನದ ಗಂಟು ಮುಖ ಒಂದೇ ಸಲಕ್ಕೆ ಸಡಿಲವಾಯಿತು. "ಹಾಕಕ್ಕ" ಅಂದ. ಆಮೇಲೆ ಅವನ ಮಾತು ನಿಲ್ಲಲೇ ಇಲ್ಲ. ಭಾನುವಾರ ಲೂಪ್ ಹೊಡೆಯುತ್ತಾನಂತೆ, ಅರುಣ್ ವಿಡಿಯೊ ತೆಗೆಯುತ್ತಾನಂತೆ.

"ಲೂಪ್ ಅಂದ್ರೆ ಏನೋ ಅದು?"

ಸಾರು ಮೆತ್ತಿದ ಬೆರಳಿನಲ್ಲೇ ಅವನು ಗಾಳಿಯಲ್ಲಿ ಬರೆದು ತೋರಿಸಿದ. "ಜೋರಾಗಿ ಹೋಗ್ತಾ ಹೋಗ್ತಾ ಮೇಲಕ್ಕೆ ಹಾರ್ತೀನಿ. ಗಾಳೀಲಿ ಇರೋವಾಗ್ಲೇ ಕೋಲಿನ ಎಡಗಡೇನ ಬಲವಾಗಿ ಎಳೀತೀನಿ. ಪಟ ಆಕಾಶದಲ್ಲಿ ಒಂದು ಸುತ್ತು ಪೂರ್ತಿ ಹೊಡೆಯುತ್ತೆ, ನನ್ನನ್ನ ಹಾಗೇ ಬೀಸಿ ಒಗೆದಂಗೆ ಎಳ್ಕೊಂಡು ಹೋಗುತ್ತೆ. ಸುತ್ತು ಮುಗಿದು ಪಟ ಮತ್ತೆ ತಲೆ ಮೇಲೆ ಬಂತು ಅನ್ಕೊ, ಹೂವಿನಂಗೆ ಇಳಿಸಿಬಿಡುತ್ತೆ."

"ಬರಲಿಲ್ಲ ಅಂದ್ರೆ?"

"ಬರುತ್ತೆ ಕಣಕ್ಕ. ನೀನೂ ಬಾ, ಒಂದೇ ಒಂದು ಸಲ ನೋಡು. ನೋಡಿದ್ಮೇಲೂ ಬೇಡ ಅಂದ್ರೆ ನಿನ್ನಾಣೆ, ಬಿಟ್ಬಿಡ್ತೀನಿ. ನಾಲ್ಕು ವರ್ಷದಿಂದ ಆಡ್ತಿದ್ದೀನಿ, ನೀನು ಒಂದು ದಿನ ಏರಿ ಹತ್ತಿ ಬರಲಿಲ್ಲ."

ಬರುತ್ತೇನೆಂದು ಅವಳು ಒಪ್ಪಿದಳು. ಗಂಟಿನ ವಿಷಯ ಹೇಳದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

ಭಾನುವಾರ ಮಧ್ಯಾಹ್ನ ಆಷಾಢದ ಗಾಳಿ ಏರಿಯ ಮೇಲೆ ನಿಂತವರನ್ನು ನೂಕುವಷ್ಟು ಬೀಸುತ್ತಿತ್ತು. ಸುನಂದ ಒಳ್ಳೆಯ ಸೀರೆಯನ್ನೇ ಉಟ್ಟು, ಛತ್ರಿ ಹಿಡಿದು, ಕೆರೆಯ ತೂಬಿನ ಹತ್ತಿರ ಒಂದು ಬಂಡೆಯ ಮೇಲೆ ಕೂತಳು. ಕೆಳಗೆ ಅಂಗಳದಲ್ಲಿ ಶಿವು ಪಟ ಹರವಿ, ದಾರ ಬಿಚ್ಚಿ, ನಾಲ್ಕನ್ನೂ ಒಂದೊಂದಾಗಿ ಬೆರಳ ನಡುವೆ ಹಾಯಿಸುತ್ತಾ ನಡೆದು ಬಂದ.

"ದಾರ ನೋಡ್ಕೊಂಡ್ಯೇನೋ?" ಎಂದು ಅರುಣ್‌ಕುಮಾರ್ ಕೂಗಿ ಕೇಳಿದ.

"ನೋಡ್ದೆ, ಸರಿಯಾಗಿದೆ."

ವೆಲ್ಡಿಂಗ್ ಕಿಡಿ ತಾಗಿ ತಾಗಿ ತೊಗಲು ದಪ್ಪವಾದ ಬೆರಳು ಅವನದು. ಅವಳು ಕಟ್ಟಿದ ಜಾಗವನ್ನು ಆ ಬೆರಳು ಎಲ್ಲೂ ತಡೆಯದೆ ದಾಟಿಹೋಯಿತು. ಆ ಗಳಿಗೆಯಲ್ಲಿ ಸುನಂದಳಿಗೆ ಹೆಮ್ಮೆಯಾಯಿತು. ಇದನ್ನು ಆಮೇಲೆ ನೆನೆದು ನೆನೆದು ಅವಳು ತನ್ನನ್ನೇ ಶಪಿಸಿಕೊಂಡಳು, ಆದರೆ ಅಂದು ಆದದ್ದು ಹೆಮ್ಮೆಯೇ.

ಅರುಣ್‌ಕುಮಾರ್ ಪಟ ಎತ್ತಿ ಹಿಡಿದು ಬಿಟ್ಟ. ಅದು ಬುಸ್ಸೆಂದು ಮೇಲೇರಿತು. ಶಿವು ಹಲಗೆಗೆ ಕಾಲು ಸಿಕ್ಕಿಸಿ ಹೊರಟ. ಮೊದಲ ಬಾರಿಗೆ ನೋಡಿದ ಸುನಂದಳಿಗೆ ಬೈಯಲು ಮಾತು ಸಿಗಲಿಲ್ಲ. ತನ್ನ ಕೈಯಲ್ಲಿ ಬೆಳೆದ ಹುಡುಗ, ಸೈಕಲ್ ಕಲಿಯುವಾಗ ಮೂರು ಸಲ ಚರಂಡಿಗೆ ಬಿದ್ದವನು, ಈಗ ಗಾಳಿಗೆ ಬೆನ್ನು ಕೊಟ್ಟು ಒರಗಿ ಜುಮ್ಮೆಂದು ಹೋಗುತ್ತಿದ್ದ. ಸಣ್ಣದಾಗಿ ಒಂದು ಸಲ ಹಾರಿ ಇಳಿದ. ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಆಡಿಕೊಳ್ಳಲಿ ಬಿಡು ಎಂದು ಅವಳು ಅಲ್ಲೇ ತೀರ್ಮಾನ ಮಾಡಿಬಿಟ್ಟಳು.

ಒಂದು ಸುತ್ತು ಬಂದು ಹತ್ತಿರ ನಿಂತ ಶಿವು, "ಎಡಕ್ಕೆ ಎಳೀತಿದೆ ಕಣೋ ಇವತ್ತು" ಅಂದ.

"ಗಾಳಿ ಬಿಟ್ಟು ಬಿಟ್ಟು ಹೊಡೀತಿದೆ. ಕೋಲು ಸ್ವಲ್ಪ ವಾರೆ ಹಿಡಿ, ಸರಿಹೋಗುತ್ತೆ" ಎಂದ ಅರುಣ್‌ಕುಮಾರ್. ಶಿವು ತಲೆಯಾಡಿಸಿ, ದೂರದಿಂದ ಓಟ ಕಟ್ಟಿಕೊಂಡು ಬರಲು ಅಂಗಳದ ಆ ಕೊನೆಗೆ ಹೊರಟ. ಆ ಕೊನೆ ಅರ್ಧ ಮೈಲಿಗೆ ಕಡಿಮೆಯಿಲ್ಲ. ನೋಡುತ್ತಿದ್ದ ಹಾಗೇ ಅವನು ಕಡ್ಡಿಯಷ್ಟಾದ.

ಅರುಣ್‌ಕುಮಾರ್ ಕ್ಯಾಮೆರಾ ಹಿಡಿದು ಬಂಡೆಯ ಪಕ್ಕಕ್ಕೆ ಬಂದ. ಸುನಂದ ಸಂತೋಷದಲ್ಲಿದ್ದಳು, ಮಾತು ಬೇಕಾಗಿತ್ತು.

"ಎಡಕ್ಕೆ ಎಳೀತಿದೆ ಅಂದ್ನಲ್ಲ, ಯಾಕಪ್ಪ?"

"ಗಾಳಿ ಇರ್ಬೇಕು ಅಕ್ಕಾ. ಇಲ್ಲಾಂದ್ರೆ ದಾರ ಒಂದು ಗಿಡ್ಡ ಒಂದು ಉದ್ದ ಇದ್ರೂ ಹಂಗೇ. ಎರಡು ಬೆರಳು ಹೆಚ್ಚುಕಮ್ಮಿ ಆದ್ರೂ ತಾನಾಗೇ ತಿರುಗುತ್ತೆ."

ಸುನಂದ ತನ್ನ ನಾಲ್ಕು ಬೆರಳನ್ನು ನೋಡಿಕೊಂಡಳು. ಆಮೇಲೆ ಯಾವುದೋ ಬೇರೆ ವಿಷಯವೆನ್ನುವ ಹಾಗೆ ಕೇಳಿದಳು.

"ದಾರ ತುಂಡಾದ್ರೆ ಗಂಟು ಹಾಕ್ಕೋತೀರಾ?"

"ಗಂಟಾ?" ಅರುಣ್‌ಕುಮಾರ್ ನಕ್ಕ. "ಬೇಡಕ್ಕಾ, ಆ ಮಾತೇ ಎತ್ತಬೇಡಿ. ಈ ದಾರಕ್ಕೆ ಗಂಟು ನಿಲ್ಲಲ್ಲ. ಸುಮ್ನೆ ಓಡಾಡುವಾಗ ನಿಂತಂಗೇ ಇರುತ್ತೆ. ಲೂಪ್ ಹೊಡೆದಾಗ ಅಷ್ಟು ಭಾರಾನೂ ಎಡಗಡೆ ದಾರದ ಮೇಲೇ ಬೀಳುತ್ತೆ ನೋಡಿ, ಆಗ ಜಾರಿಬಿಡುತ್ತೆ. ಅರ್ಧ ಸುತ್ತಲ್ಲಿ ದಾರ ಹೋಯ್ತು ಅಂದ್ರೆ ಪಟ ತಲೆ ಮೇಲೆ ಬರೋದೇ ಇಲ್ಲ, ಮನುಷ್ಯನ್ನ ನೆಲಕ್ಕೆ ಹೊಡೆಯುತ್ತೆ. ಒಂದು ದಾರ ಹೋದ್ರೆ ನಾವು ನಾಲ್ಕನ್ನೂ ಎಸೀತೀವಿ."

ಅವಳ ಕೈಯಿಂದ ಛತ್ರಿ ಜಾರಿತು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು.

"ನಾನು ಹಾಕಿದ್ದೀನಿ."

"ಏನಕ್ಕ?"

"ಗಂಟು. ಶುಕ್ರವಾರ. ಮಚ್ಚು ತಾಗಿ ತುಂಡಾಯ್ತು, ನಾನೇ ಗಂಟು ಹಾಕಿಟ್ಟೆ. ಅವನಿಗೆ ಹೇಳಿಲ್ಲ. ನಿಲ್ಸಪ್ಪ ಅವನನ್ನ. ನಿನ್ನ ಕಾಲಿಗೆ ಬೀಳ್ತೀನಿ, ನಿಲ್ಸು!"

ಅರುಣ್‌ಕುಮಾರನ ಮುಖದ ನಗು ಆರಿಹೋಯಿತು. ಎರಡು ಕೈಯನ್ನೂ ಬಾಯಿಗೆ ಹಿಡಿದು "ಶಿವೂ!" ಎಂದು ಕಿರುಚಿದ. ಗಾಳಿ ಎದುರಿನಿಂದ ಬರುತ್ತಿತ್ತು. ಕೂಗಿದ್ದು ಅವನ ಕಿವಿಗೇ ಹಿಂದಕ್ಕೆ ಬಂತು. ಶಿವುವಿನ ಫೋನು ಇಲ್ಲೇ ಚೀಲದಲ್ಲಿತ್ತು. ಬೈಕು ಏರಿಯ ಆಚೆಗಿತ್ತು.

"ಬೈಕ್ ತರ್ತೀನಿ. ನೀವು ಇಲ್ಲೇ ನಿಂತು ಕೈ ಬೀಸ್ತಾ ಇರಿ ಅಕ್ಕಾ, ಬೇಡ ಅಂತ ಸನ್ನೆ ಮಾಡಿ, ಬೀಸೋದು ನಿಲ್ಲಿಸ್ಬೇಡಿ!" ಎಂದವನೇ ಏರಿ ಹತ್ತಿ ಓಡಿ ಆಚೆಗೆ ಮರೆಯಾದ.

ಸುನಂದ ಅಂಗಳಕ್ಕೆ ಇಳಿದು ಎರಡು ಕೈಯನ್ನೂ ಮೇಲೆತ್ತಿ ಬೀಸಿದಳು. ಸಾಲದು ಎನಿಸಿ ಸೆರಗು ಎಳೆದು ಅದನ್ನು ಬೀಸಿದಳು. "ಬೇಡ ಕಣೋ, ಬೇಡ, ಇಳಿಯೋ" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಆ ತುದಿಯಲ್ಲಿ ಶಿವು ತಿರುಗಿ ನಿಂತಿದ್ದ. ಅವನಿಗೆ ಕಂಡದ್ದು ಇಷ್ಟೇ: ನಾಲ್ಕು ವರ್ಷದಿಂದ ಏರಿ ಹತ್ತದ ಅಕ್ಕ, ಪಟದ ಹೆಸರೆತ್ತಿದರೆ ಉರಿದು ಬೀಳುವ ಅಕ್ಕ, ಅಂಗಳದ ಮಧ್ಯೆ ನಿಂತು ಸೆರಗು ಬೀಸಿ ಕರೆಯುತ್ತಿದ್ದಾಳೆ. ಅವನು ಕೋಲಿನಿಂದ ಒಂದು ಕೈ ಬಿಟ್ಟು ಅವಳತ್ತ ಬೀಸಿದ. ಕ್ಯಾಮೆರಾ ಎಲ್ಲಿದೆ, ಯಾರು ಹಿಡಿದಿದ್ದಾರೆ ಒಂದನ್ನೂ ನೋಡದೆ ನೇರ ಅವಳತ್ತಲೇ ಹಲಗೆ ತಿರುಗಿಸಿದ.

ಅವಳು ಇನ್ನೂ ಜೋರಾಗಿ ಬೀಸಿದಳು. ಅವನು ಇನ್ನೂ ಜೋರಾಗಿ ಬಂದ. ಚಕ್ರದ ಹಿಂದೆ ಧೂಳು ಎದ್ದಿತು. ಅವನು ನಗುತ್ತಿರುವುದು ಕಾಣುವಷ್ಟು ಹತ್ತಿರವಾದಾಗ ಅವಳಿಗೆ ಅರ್ಥವಾಯಿತು. ತಾನು ಬೀಸಿದಷ್ಟೂ ಅವನು ಬರುತ್ತಾನೆ. ಕೈ ಇಳಿಸಿಬಿಟ್ಟಳು. ಸುಮ್ಮನೆ ನಿಂತರೆ ಅನುಮಾನವಾಗಿ ನಿಲ್ಲಿಸಿಯಾನೇ? ಬೆನ್ನು ತಿರುಗಿಸಿದರೆ? ನೆಲದ ಮೇಲೆ ಬಿದ್ದು ಹೊರಳಿದರೆ? ಏನು ಮಾಡಿದರೆ ಬೇಡ ಎಂದು ತಿಳಿಯುತ್ತದೆ ಎನ್ನುವುದು ಅವಳಿಗೆ ಹೊಳೆಯಲಿಲ್ಲ. ನಲವತ್ತಾರು ವರ್ಷದ ಬಾಳಿನಲ್ಲಿ ತಮ್ಮನಿಗೆ ಬೇಡ ಎನ್ನುವುದನ್ನು ಅವಳು ಬಾಯಲ್ಲೇ ಹೇಳಿದ್ದಳು, ಬೇರೆ ರೀತಿ ಅವಳಿಗೆ ಬರುತ್ತಿರಲಿಲ್ಲ. ಕೊನೆಗೆ ಎರಡು ಕೈ ಜೋಡಿಸಿ ಅವನಿಗೆ ಮುಗಿದಳು. ಅದನ್ನೂ ಅವನು ತಮಾಷೆ ಎಂದುಕೊಂಡನೋ ಏನೋ, ತಲೆ ಬಾಗಿಸಿ ತಾನೂ ಒಂದು ನಮಸ್ಕಾರ ಹಾಕಿದ.

ಏರಿಯ ಮೇಲೆ ಬೈಕಿನ ಸದ್ದು ಕೇಳಿಸಿತು. ಅಷ್ಟರಲ್ಲಿ ಶಿವು ನೆಲ ಬಿಟ್ಟಿದ್ದ.

ಎರಡು ಆಳೆತ್ತರ ಹೋದ, ಇನ್ನೂ ಸ್ವಲ್ಪ ಮೇಲೆ ಹೋದ. ಕೋಲಿನ ಎಡಗಡೆ ಎಳೆದ. ಪಟ ಎಡಕ್ಕೆ ವಾಲಿ, ಕೆಳಮುಖವಾಗಿ ಸುತ್ತಲು ಶುರುಮಾಡಿತು. ಅವನ ಮೈ ಕವಣೆಯಿಂದ ಬಿಟ್ಟ ಹಾಗೆ ಅಡ್ಡಡ್ಡ ಹೋಯಿತು. ಟಿಕ್ಕೆಂದಿತು. ಅಷ್ಟು ಗಾಳಿಯಲ್ಲಿ, ಅಷ್ಟು ದೂರದಲ್ಲಿ ಆ ಸದ್ದು ಬೇರೆ ಯಾರಿಗೂ ಕೇಳಿಸುವಂಥದ್ದಲ್ಲ, ಸುನಂದಳಿಗೆ ಕೇಳಿಸಿತು. ಪಟ ಅರ್ಧ ಸುತ್ತಿನಲ್ಲಿ ಕೊಸರಿಕೊಂಡು ಬಲಕ್ಕೆ ಹೊರಳಿ ನೆಲಕ್ಕೆ ನುಗ್ಗಿತು. ಮೇಲಿನಿಂದ ಹಿಡಿದು ಇಳಿಸುವ ಪಟವಿಲ್ಲದೆ ಶಿವು ಬೆನ್ನು ಅಡಿಯಾಗಿ ಬಿದ್ದ. ಬಿದ್ದವನನ್ನು ಪಟ ಬಿಡಲಿಲ್ಲ. ಧೂಳಿನಲ್ಲಿ ಎಳೆದುಕೊಂಡು ಹೋಗಿ ಜಾಲಿಮುಳ್ಳಿನ ಪೊದೆಗೆ ಸಿಕ್ಕಿ ಹರಿದ ಮೇಲೆ ನಿಂತಿತು.

ಸುನಂದ ಓಡಿದಳು. ಚಪ್ಪಲಿ ಎಲ್ಲಿ ಬಿಟ್ಟವೋ ತಿಳಿಯಲಿಲ್ಲ. ಬೈಕಿನಲ್ಲಿ ಬಂದ ಅರುಣ್‌ಕುಮಾರ್ ಅವಳಿಗಿಂತ ಮೊದಲು ತಲುಪಿ, ಸೊಂಟದ ಕೊಕ್ಕೆ ಬಿಡಿಸಿ, ಮುಟ್ಟಬೇಡಿ, ಎತ್ತಬೇಡಿ ಎಂದು ಕೂಗುತ್ತಿದ್ದ. ಶಿವುವಿನ ಕಣ್ಣು ತೆರೆದಿತ್ತು. ಅಕ್ಕನನ್ನು ನೋಡಿ ತುಟಿ ಅಲುಗಿಸಿದ. ಅವಳು ಬಾಯಿಗೆ ಕಿವಿ ಕೊಟ್ಟಳು.

"ಅಕ್ಕ, ನನ್ನ ಕಾಲು ಎಲ್ಲಿದೆ ನೋಡು" ಅಂದ.

ಕಾಲು ಅಲ್ಲೇ ಇದ್ದವು. ಒಂದಕ್ಕೆ ಇನ್ನೂ ಹಲಗೆಯ ಪಟ್ಟಿ ಸಿಕ್ಕಿಕೊಂಡಿತ್ತು.

ಆಸ್ಪತ್ರೆಯಲ್ಲಿ ಬೆನ್ನುಮೂಳೆಗೆ ಆಪರೇಷನ್ ಆಯಿತು. ಮುಂದೆ ನಡೆಯುತ್ತಾನೋ ಇಲ್ಲವೋ ಎಂದು ಕೇಳಿದರೆ ಡಾಕ್ಟರು "ಈಗಲೇ ಹೇಳೋಕಾಗಲ್ಲಮ್ಮ, ಕಾಯ್ಬೇಕು" ಎಂದು ಪ್ರತಿದಿನ ಅದನ್ನೇ ಹೇಳಿದರು. ಊರಿನಲ್ಲಿ ಸೊಪ್ಪು ಹಾಕುವವರಿಲ್ಲದೆ ಹುಳ ಗೂಡು ಕಟ್ಟದೆ ಸತ್ತವು, ಹಸುಗಳನ್ನು ಚಿಕ್ಕಗಂಗಮ್ಮ ನೋಡಿಕೊಂಡಳು. ಸುನಂದ ಮಂಚದ ಪಕ್ಕ ಬಿಟ್ಟು ಕದಲಲಿಲ್ಲ. ಹೇಳಬೇಕು, ಹೇಳಬೇಕು ಎಂದು ದಿನಾ ಬೆಳಿಗ್ಗೆ ಬಾಯಿ ತೆರೆಯುತ್ತಿದ್ದಳು. ಅವನು ನೋವಿನಲ್ಲಿ ಹಲ್ಲು ಕಚ್ಚಿಕೊಂಡಿರುವುದನ್ನು ನೋಡಿ ಸುಮ್ಮನಾಗುತ್ತಿದ್ದಳು. ಹನ್ನೊಂದನೆಯ ದಿನ ಮಧ್ಯಾಹ್ನ ಅವನಿಗೆ ಸ್ವಲ್ಪ ಹಗುರವಾಗಿತ್ತು. ಎಳನೀರು ಕುಡಿಸಿ, ಬಾಯಿ ಒರೆಸಿ, ಎಲ್ಲವನ್ನೂ ಹೇಳಿದಳು. ಮಚ್ಚು, ಸೊಪ್ಪು, ಹೊಸ್ತಿಲು, ನಾಲ್ಕು ಬೆರಳು, ಒಂದನ್ನೂ ಬಿಡಲಿಲ್ಲ.

ಶಿವು ಕೇಳಿಸಿಕೊಂಡು ನಕ್ಕ. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕ.

"ಅರುಣನೂ ಹೇಳ್ದ, ಅಕ್ಕ ಏನೋ ಗಂಟು ಗಂಟು ಅಂತಿದ್ರು ಅಂತ. ಅವನು ದಾರಾನೆಲ್ಲ ನೋಡಿದ್ನಂತೆ. ಜಾಲಿಗೆ ಸಿಕ್ಕಿ ಮೂರು ಕಡೆ ಹರಿದಿದೆ, ಗಂಟಿನ ಗುರುತೇ ಇಲ್ವಂತೆ. ಗಾಳಿ ಜಾಸ್ತಿ ಇತ್ತು, ನಾನೇ ಬೇಡ ಅನ್ಬೇಕಿತ್ತು ಅಂತ ಅವನು ಅಳ್ತಾನೆ. ಈಗ ನೀನೊಬ್ಳು."

"ಜಾರಿಹೋದ ಗಂಟು ಗುರುತು ಬಿಡುತ್ತೇನೋ? ನಾನೇ ಕಣೋ ಮಾಡಿದ್ದು. ಸತ್ಯವಾಗ್ಲೂ ನಾನೇ."

"ಚಿಕ್ಕೋನಾಗಿದ್ದಾಗ ಹಾಲಿನ ಕ್ಯಾನ್ ಉರುಳಿಸಿದ್ದು ನಾನು, ನಾನೇ ಉರುಳಿಸಿದ್ದು ಅಂತ ಹೇಳಿ ಅಪ್ಪನ ಕೈಲಿ ಏಟು ತಿಂದಿದ್ದು ನೀನು. ಇನ್ನೂ ಬಿಟ್ಟಿಲ್ವಾ ಆ ಚಾಳಿ?"

ಸುನಂದ ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತಳು. ಅವನ ಕಣ್ಣೆದುರೇ ಅದನ್ನು ತುಂಡು ಮಾಡಿ, ತುದಿಗಳನ್ನು ಉಗುರಿನ ಮೇಲೆ ಜೋಡಿಸಿ, ಸುತ್ತಿ, ಎಳೆದು, ಕಚ್ಚಿ ಉಗಿದು, ಅವನ ಕೈಗೆ ಕೊಟ್ಟಳು.

"ಹಿಂಗೆ ಕಟ್ಟಿದೆ. ಇದೇ ಥರ. ನಂಬು ನನ್ನ."

ಶಿವು ಎಳೆಯನ್ನು ಬೆಳಕಿಗೆ ಹಿಡಿದು ಗಂಟು ಹುಡುಕಿದ, ಸಿಗಲಿಲ್ಲ. ಎರಡು ಕೈಗೂ ಸುತ್ತಿಕೊಂಡು ಎಳೆದ. ಕಾಲಿನಲ್ಲಿ ಇಲ್ಲದ ಬಲವೆಲ್ಲ ಆ ತೋಳಿನಲ್ಲಿ ಇನ್ನೂ ಇತ್ತು. ಎಳೆ ಪಟ್ಟೆಂದಿತು. ಸುನಂದ ಆಸೆಯಿಂದ ಬಗ್ಗಿ ನೋಡಿದಳು. ಬೇರೆ ಕಡೆ ಹರಿದಿತ್ತು. ಗಂಟು ಹಾಗೇ ಇತ್ತು.

"ನೋಡು, ದಾರ ಹೋಯ್ತು, ನಿನ್ನ ಗಂಟು ಹೋಗ್ಲಿಲ್ಲ" ಅಂದ ಶಿವು. "ಬೇಕಂತ ಮಚ್ಚಲ್ಲಿ ಕತ್ತರಿಸ್ದೆ ಅನ್ನು, ನಂಬ್ತೀನಿ. ಸುನಂದಕ್ಕ ಹಾಕಿದ ಗಂಟು ಜಾರ್ತು ಅಂದ್ರೆ ಕೋಲಾರದಲ್ಲಿ ಯಾರೂ ನಂಬಲ್ಲ. ಬಿಡು ಅದನ್ನ. ಅವತ್ತು ನೀನು ಸೆರಗು ಬೀಸಿ ಕರೆದ್ಯಲ್ಲ, ಆ ಖುಷೀಲಿ ಮೈಮರೆತು ಜೋರಾಗಿ ಎಳೆದ್ಬಿಟ್ಟೆ. ತಪ್ಪು ನಂದೇ. ಆದ್ರೂ ನೀನು ಕರೆದಿದ್ದು ಚೆನ್ನಾಗಿತ್ತು ಕಣಕ್ಕ. ಅದೊಂದು ಸಾಕು ನನಗೆ."

ಕರೆಯಲಿಲ್ಲ ಕಣೋ ಎಂದು ಹೇಳಲು ಅವಳು ಬಾಯಿ ತೆರೆದಳು. ಅವನ ಮುಖ ನೋಡಿದಳು. ಹನ್ನೊಂದು ದಿನದಲ್ಲಿ ಅವನಿಗೆ ಉಳಿದಿದ್ದ ಸಂತೋಷ ಅದೊಂದೇ.

"ಹೂಂ" ಅಂದಳು.

ಆಮೇಲೆ ಮಂಚದ ಕೊನೆಗೆ ಸರಿದು ಕೂತು ಅವನ ಕಾಲು ಒತ್ತತೊಡಗಿದಳು. ಶಿವು ಕಣ್ಣು ಮುಚ್ಚಿ ಮಾತಾಡುತ್ತಲೇ ಇದ್ದ. ಅವಳು ಒತ್ತುತ್ತಿರುವುದು ಅವನಿಗೆ ಗೊತ್ತಾಗಲಿಲ್ಲ.